ಹದಿನಾಲ್ಕನೆಯ ಪೊಟ್ಟಣ

ಮಣ್ಣು ತೆಗೆದ ಜಾಗದಲ್ಲೇ ಪೊಟ್ಟಣದ ಬಾಯಿ ಮುಚ್ಚಬೇಕು, ಅಲ್ಲೇ ಅರಗು ಹಾಕಬೇಕು, ಅಲ್ಲೇ ನಿಂತು ಟಿಪ್ಪಣಿ ಬರೆಯಬೇಕು. ನಮ್ಮ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರವೇ ಹೇಳಿಕೊಡುತ್ತಿದ್ದ ನಿಯಮ ಇದು. ಹೊಸಬರಿಗೆ ಅದನ್ನು ಹೇಳಿಕೊಡುವಷ್ಟು ಹಳಬಳು ನಾನಾಗಿದ್ದೆ. ಆದ್ದರಿಂದ ಮುಂದೆ ಆದದ್ದಕ್ಕೆ ತಿಳಿದಿರಲಿಲ್ಲ ಎಂಬ ನೆಪ ನನಗೆ ಇಲ್ಲ.

ಕನ್ನಡ ನಾಡು ಒಂದಾದ ಮರುವರ್ಷದ ಬೇಸಿಗೆ ಅದು. ನಾನು ಪುಣೆಯಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳಿಂದ ಔಷಧ ಹುಡುಕುವ ಒಂದು ಗುಂಪಿನಲ್ಲಿದ್ದೆ. ಪೆನಿಸಿಲಿನ್ ಬಂದು ಬ್ಯಾಕ್ಟೀರಿಯಾಗಳಿಗೆ ಮದ್ದು ಸಿಕ್ಕಿತ್ತು. ಶಿಲೀಂಧ್ರಗಳಿಗೆ, ಅಂದರೆ ಬೂಷ್ಟಿನ ಜಾತಿಯ ಜೀವಿಗಳಿಗೆ, ಸರಿಯಾದ ಮದ್ದು ಇರಲಿಲ್ಲ. ಎಳೆಗೂಸಿನ ನಾಲಿಗೆ ಮೇಲಿನ ಬಿಳಿ ಪೊರೆಯಿಂದ ಹಿಡಿದು ದೊಡ್ಡವರ ಶ್ವಾಸಕೋಶದ ತನಕ ಅವು ಹಬ್ಬುತ್ತಿದ್ದವು. ನಮ್ಮ ಮುಖ್ಯಸ್ಥರಿಗೆ ಇನ್ನೊಂದು ಆಸೆಯೂ ಇತ್ತು. ಶಿಲೀಂಧ್ರದ ಕೋಶವನ್ನು ಕೊಲ್ಲುವ ವಸ್ತು ಕ್ಯಾನ್ಸರಿನ ಕೋಶವನ್ನೂ ತಡೆದೀತು ಎಂದು ಅವರು ನಂಬಿದ್ದರು. ಮುಂಬಯಿಯ ಒಂದು ಆಸ್ಪತ್ರೆಯವರು ನಾವು ಕಳಿಸಿದ್ದನ್ನು ಇಲಿಗಳ ಮೇಲೆ ಪರೀಕ್ಷಿಸಲು ಒಪ್ಪಿದ್ದರು.

ರೋಣ, ನರಗುಂದ, ಗಜೇಂದ್ರಗಡದ ಕಡೆಗೆ ನನ್ನನ್ನು ಕಳಿಸಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನಾನು ಹುಬ್ಬಳ್ಳಿಯ ಹುಡುಗಿ, ಅಲ್ಲಿನ ಮಾತು ಬರುತ್ತಿತ್ತು, ಅಷ್ಟೇ. ತಗಡಿನ ಪೆಟ್ಟಿಗೆಯಲ್ಲಿ ಉಗಿಯಲ್ಲಿ ಬೇಯಿಸಿ ಶುದ್ಧಮಾಡಿದ ಕಾಗದದ ಪೊಟ್ಟಣಗಳು, ಒಂದು ಚಮಚ, ಒಂದು ಸ್ಪಿರಿಟ್ ದೀಪ, ಅರಗಿನ ಕಡ್ಡಿ. ಮೇಲಿನ ನಾಲ್ಕು ಬೆರಳು ಮಣ್ಣು ಸರಿಸಿ, ಚಮಚವನ್ನು ದೀಪದಲ್ಲಿ ಸುಟ್ಟು, ಆರಿಸಿ, ಕೆಳಗಿನ ಮಣ್ಣು ತೆಗೆಯಬೇಕು. ಒಂದರಿಂದ ಏಳು ನರಗುಂದದ ಗುಡ್ಡದ ಬುಡದವು. ಎಂಟರಿಂದ ಹದಿಮೂರು ಯಾವಗಲ್ ಊರಿನ ಕಪ್ಪು ಎರೆ ಹೊಲದವು. ಬೇಸಿಗೆಯ ಎರೆ ಮಣ್ಣು ಕಾಲು ತೂರುವಷ್ಟು ಬಿರುಕು ಬಿಟ್ಟಿತ್ತು. ಮಣ್ಣೆಲ್ಲ ಒಣಗಿದ್ದರಿಂದ ಅಲ್ಲೇ ಮುಚ್ಚುವುದು ಸುಲಭವಾಗಿತ್ತು.

ಹದಿನಾಲ್ಕನೆಯದು ಬೆಳವಣಕಿಯದು. ಅಲ್ಲಿ ಊರ ಗೌಡರ ಮನೆಯಲ್ಲಿ ಇಳಿದುಕೊಂಡಿದ್ದೆ. ಗೌಡರು ಹೆಚ್ಚು ಹೊತ್ತು ಹೊಲದಲ್ಲಿರುತ್ತಿದ್ದರು. ಮನೆ ನಡೆಸುವವರು ಅವರ ಹೆಂಡತಿ, ಊರೆಲ್ಲ ಕರೆಯುವಂತೆ ಗೌಡಶ್ಯಾನಿ. ಐವತ್ತರ ಆಸುಪಾಸಿನ, ನೆಟ್ಟಗೆ ನಡೆಯುವ, ಅತಿಥಿ ಎರಡನೇ ರೊಟ್ಟಿ ಬೇಡವೆಂದರೆ ಮೂರನೆಯದನ್ನೂ ಹಾಕುವ ಹೆಂಗಸು. ನಾನು ಹೋದ ದಿನ ಅವರ ಹಗೇವು ತೆಗೆಯುತ್ತಿದ್ದರು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಜೋಳದ ಕಣಿಕೆ, ಅಂದರೆ ಒಣ ದಂಟು, ಕಟ್ಟಿ, ಕಾಳು ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ತೆಗೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಸಾವೇ ಗತಿ. ಒಂದು ದಿನ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆ ಕೆಲಸದಲ್ಲಿ ಪಳಗಿದ ಮುದುಕರೊಬ್ಬರಿದ್ದರು, ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು.

ಹಗೇವಿನ ಅಂಚಿನ ಕಾಳು ಬೂಷ್ಟು ಹಿಡಿಯುವುದು ವಾಡಿಕೆ. ಈ ಹಗೇವಿನಲ್ಲಿ ಅಂಚಿನ ಕಾಳೂ ಶುದ್ಧವಾಗಿತ್ತು. ಗೋಡೆಯ ಮಣ್ಣಿನಲ್ಲಿ ಬೂಷ್ಟು ಕೊಲ್ಲುವ ಜೀವಿ ಇರಬೇಕು ಎಂದುಕೊಂಡೆ. ಚಾಚಾಗೆ ಅದನ್ನೇ ಹೇಳಿದೆ.

ಅವರು ಒಳಗಿನಿಂದಲೇ ಉತ್ತರ ಕೊಟ್ಟರು. "ಮಣ್ಣಂದೇನಿಲ್ರಿ ಬಾಯಾರ. ಕಣಿಕಿ ಕಟ್ಟಿದ್ದು ಬಿಗಿ ಐತಿ, ಕಾಳಿಗೆ ನೀರು ಮುಟ್ಟಿಲ್ಲ. ನಾನ ಕಟ್ಟೀನ್ರಿ."

ನಾನು ವಿದ್ಯಾವಂತರು ನಗುವ ಹಾಗೆ ನಕ್ಕೆ. ಆದರೂ ಸ್ವಲ್ಪ ಮಣ್ಣು ಕೆರೆದು ಕೊಡಿ ಎಂದೆ. ಅವರು ಕಣಿಕೆಯ ಹಿಂದಿನ ಗೋಡೆಯ ಬುಡದಿಂದ ಒಂದು ಹಿಡಿ ಕೆರೆದು ಮೇಲೆ ಕೊಟ್ಟರು. ಬೂದು ಬಣ್ಣದ ಒರಟು ಮಣ್ಣು, ಕೊಳೆತ ಕಣಿಕೆಯ ಚೂರು, ಸತ್ತ ಬದುಕಿದ ನುಸಿಗಳು. ಅದು ತೇವವಾಗಿತ್ತು. ತೇವದ ಮಣ್ಣಿಗೆ ಅರಗು ಹಾಕಿದರೆ ಪುಣೆ ಮುಟ್ಟುವಷ್ಟರಲ್ಲಿ ಕಾಗದವೇ ಕೊಳೆಯುತ್ತದೆ. ಮನೆಗೆ ತಂದು ಪಡಸಾಲೆಯ ಮೂಲೆಯಲ್ಲಿ ಕಾಗದದ ಮೇಲೆ ಹರಡಿದೆ, ಬೆಳಗಿನ ತನಕ ಒಣಗಲಿ ಎಂದು. ಬೆಳಿಗ್ಗೆ ಎದ್ದಾಗ ಮಣ್ಣು ಬಾಯಿ ಮಡಚಿದ ಪೊಟ್ಟಣದೊಳಗೆ ಅಚ್ಚುಕಟ್ಟಾಗಿ ಕೂತಿತ್ತು. ಗೌಡಶ್ಯಾನಿ ಎತ್ತಿಟ್ಟಿರಬೇಕು, ಎಂಥ ಒಳ್ಳೆಯ ಮನಸ್ಸು ಎಂದುಕೊಂಡು ಅರಗು ಹಾಕಿದೆ. ಟಿಪ್ಪಣಿ ಪುಸ್ತಕದಲ್ಲಿ ಅದರ ಸಾಲಿನ ಕೊನೆಯ ಮನೆಯಲ್ಲಿ ಉಳಿದ ಹದಿಮೂರಕ್ಕೆ ಬರೆದ ಹಾಗೆಯೇ ಬರೆದೆ: ಸ್ಥಳದಲ್ಲೇ ಮುಚ್ಚಿದೆ.

ಬಸ್ಸಿನ ಗಡಿಬಿಡಿಯಲ್ಲಿ ಬರೆದ ಎರಡು ಪದ. ಸುಳ್ಳು ಹೇಳುತ್ತಿದ್ದೇನೆ ಅಂತಲೂ ಅನ್ನಿಸಲಿಲ್ಲ.

ಪುಣೆಯಲ್ಲಿ ಪೊಟ್ಟಣ ಬಿಚ್ಚಿದಾಗ ಮಣ್ಣು ಕೆಂಪಗೆ, ನುಣ್ಣಗೆ ಕಂಡಿತು. ಪುಸ್ತಕದಲ್ಲಿ ಬೂದು, ಒರಟು ಎಂದಿತ್ತು. ಒಣಗಿದ ಮೇಲೆ ಬಣ್ಣ ತಿರುಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇಕಾದದ್ದನ್ನು ನಂಬುವುದಕ್ಕೆ ಎಷ್ಟು ಓದಿದ್ದರೂ ಅಡ್ಡಿಯಾಗುವುದಿಲ್ಲ.

ಒಂದು ಗ್ರಾಂ ಮಣ್ಣನ್ನು ಶುದ್ಧ ನೀರಿನಲ್ಲಿ ಕಲಕಿ, ಅದರಿಂದ ಒಂದು ಹನಿ ಇನ್ನೊಂದು ನೀರಿಗೆ, ಅದರಿಂದ ಮತ್ತೊಂದಕ್ಕೆ, ಹೀಗೆ ತೆಳುಮಾಡುತ್ತ ಹೋಗಿ ಗಾಜಿನ ತಟ್ಟೆಗಳಲ್ಲಿ ಅಗರ್ ಎಂಬ ಪೋಷಕ ಲೋಳೆಯ ಮೇಲೆ ಹರಡಿದೆ. ಒಂದು ವಾರಕ್ಕೆ ಸುಣ್ಣದ ಪುಡಿ ಉದುರಿಸಿದಂತೆ ಚುಕ್ಕೆಗಳೆದ್ದವು. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆ ಈ ಜಾತಿಯ ಜೀವಿಗಳದೇ. ಒಂದೊಂದನ್ನೂ ಬೇರೆ ತಟ್ಟೆಯ ನಡುವೆ ಗೆರೆ ಎಳೆದು ಬೆಳೆಸಿ, ಅದಕ್ಕೆ ಅಡ್ಡಲಾಗಿ ಬಾಯಿಹುಣ್ಣಿನ ಶಿಲೀಂಧ್ರದ ಗೆರೆ ಎಳೆದೆ. ಹೆಚ್ಚಿನವುಗಳಲ್ಲಿ ಎರಡು ಗೆರೆ ಕೂಡಿಕೊಂಡವು. ಹದಿನಾಲ್ಕನೆಯ ಪೊಟ್ಟಣದ ಒಂದು ಬೂದು ಗುಲಾಬಿ ಚುಕ್ಕೆ ಮಾತ್ರ ಶಿಲೀಂಧ್ರವನ್ನು ಎರಡು ಬೆರಳು ದೂರದಲ್ಲೇ ನಿಲ್ಲಿಸಿತ್ತು.

ಆಮೇಲೆ ದಿನಗಳು ಓಡಿದವು. ಅಲುಗಾಡುವ ಯಂತ್ರದ ಮೇಲೆ ಸೀಸೆಗಳಲ್ಲಿ ಐದು ದಿನ ಬೆಳೆಸಿದರೆ ಮದ್ದು ಸಾರಿನಲ್ಲಿ ಇಳಿಯುತ್ತಿರಲಿಲ್ಲ, ಜೀವಿಯ ಮೈಯಲ್ಲೇ ಉಳಿಯುತ್ತಿತ್ತು. ಅದನ್ನು ಸೋಸಿ, ಬ್ಯುಟನಾಲ್ ಎಂಬ ದ್ರಾವಕದಲ್ಲಿ ನೆನೆಸಿ, ಆವಿ ಹಾರಿಸಿ, ಹಳದಿ ಪುಡಿ ಮಾಡಿದೆ. ಮೊದಲ ಪುಡಿ ಕಿಟಕಿಯ ಬಳಿ ಇಟ್ಟಿದ್ದೆ, ಬೆಳಕಿಗೆ ಸತ್ತುಹೋಯಿತು. ಮುಂದೆ ಕಂದು ಸೀಸೆ, ಅದರ ಮೇಲೆ ಕಪ್ಪು ಕಾಗದ. ಮುಂಬಯಿಯಿಂದ ಬಂದ ಪತ್ರದಲ್ಲಿ ಮದ್ದು ಕೊಟ್ಟ ಇಲಿಗಳಲ್ಲಿ ಗಡ್ಡೆಯ ನೀರು ತುಂಬಿ ಹೊಟ್ಟೆ ಉಬ್ಬುವುದು ನಿಧಾನವಾಗಿದೆ, ಇನ್ನಷ್ಟು ಪುಡಿ ಕಳಿಸಿ ಎಂದಿತ್ತು. ಎಂದೂ ಯಾರ ಮೇಜಿನ ಬಳಿಯೂ ಕೂರದ ಮುಖ್ಯಸ್ಥರು ಅಂದು ಸ್ಟೂಲ್ ಎಳೆದುಕೊಂಡು ನನ್ನ ಮೇಜಿನ ಬಳಿ ಕೂತರು. ಮಳೆಗಾಲ ಮುಗಿದ ಮೇಲಿನ ಒಂದು ವಿಜ್ಞಾನ ಸಭೆಯಲ್ಲಿ ಓದಲು ಪ್ರಬಂಧ ಬರೆದರು. ರೈತರ ಹಗೇವಿನ ಕಾಳನ್ನು ಕಾಯುವ ಸೂಕ್ಷ್ಮಜೀವಿಯೇ ಮನುಷ್ಯನನ್ನೂ ಕಾಯಬಹುದು ಎಂಬುದು ಅದರ ಸಾರ. ಅದನ್ನು ಓದಿ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಅಷ್ಟರಲ್ಲಿ ಜೀವಿ ಬೋಳಾಯಿತು. ಓರೆ ಅಗರಿನ ಕೊಳವೆಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ಹಳೆಯದರಿಂದ ಹೊಸದಕ್ಕೆ ಬದಲಿಸುತ್ತಿದ್ದೆ. ಹಾಗೆ ಬದಲಿಸುತ್ತಾ ಹೋದರೆ ಕೆಲವು ತಳಿಗಳು ಮೇಲಿನ ಪುಡಿ ಕಳೆದುಕೊಂಡು ನುಣ್ಣಗೆ ಬೆಳೆಯುತ್ತವೆ, ಮದ್ದು ಮಾಡುವುದನ್ನೂ ಬಿಡುತ್ತವೆ. ಅದಕ್ಕೇ ಮೊದಲ ದಿನವೇ ಅವುಗಳ ಬೀಜಕಣಗಳನ್ನು ಬೇಯಿಸಿ ಒಣಗಿಸಿದ ಮಣ್ಣಿನಲ್ಲಿ ಬೆರೆಸಿ ಮುಚ್ಚಿಡಬೇಕು, ಅಲ್ಲಿ ಅವು ವರ್ಷಗಟ್ಟಲೆ ನಿದ್ದೆ ಮಾಡುತ್ತವೆ. ಸಂಭ್ರಮದಲ್ಲಿ ನಾನು ಅದನ್ನು ಮುಂದೂಡಿದ್ದೆ. ಸೀಸೆಯ ಮೇಲೆ ಸೀಸೆ ಬೆಳೆಸಿದೆ. ಜೀವಿ ದಷ್ಟಪುಷ್ಟವಾಗಿ ಬೆಳೆಯುತ್ತಿತ್ತು, ಶಿಲೀಂಧ್ರವೂ ಅದರ ಪಕ್ಕದಲ್ಲೇ ಆರಾಮಾಗಿ ಬೆಳೆಯುತ್ತಿತ್ತು. ಮೂಲ ಮಣ್ಣು ಖರ್ಚಾಗಿತ್ತು. ಉಳಿದ ಹಳದಿ ಪುಡಿ ಉಗುರಿನ ಮೇಲೆ ಹಿಡಿಸುವಷ್ಟು.

ಮುಖ್ಯಸ್ಥರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಸಭೆಯ ದಿನದೊಳಗೆ ಆ ಜೀವಿಯನ್ನು ಮತ್ತೆ ತರಬೇಕು, ಇಲ್ಲವಾದರೆ ಈ ಕೆಲಸ ನಿಲ್ಲಿಸುತ್ತೇನೆ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಜೀವಿ ಸಿಗದಿದ್ದರೆ ಆ ಮದ್ದೂ ಇಲ್ಲ. ಕಳೆದದ್ದು ನಾನು, ಹುಡುಕಬೇಕಾದವಳೂ ನಾನು.

ಬೆಳವಣಕಿಗೆ ಮತ್ತೆ ಹೋದೆ. ಗೌಡಶ್ಯಾನಿ ಇಟಗಿಯ ಭೀಮಾಂಬಿಕೆಯ ಗುಡಿಗೆ ಹೋಗಿದ್ದರು, ಬರುವುದಕ್ಕೆ ಇನ್ನೂ ನಾಲ್ಕು ದಿನವಿತ್ತು. ನನಗೆ ಬೇಕಾಗಿದ್ದುದು ಹಗೇವು, ಅವರಲ್ಲ ಎಂದುಕೊಂಡೆ. ಚಾಚಾ ಒಳಗಿಳಿದು ಮೇಲಿನ ಗೋಡೆ, ನಡುವಿನ ಗೋಡೆ, ತಳ ಎಂದು ಮೂವತ್ತು ಕಡೆಯ ಮಣ್ಣು ಕೆರೆದು ಕೊಟ್ಟರು. ಈ ಸಲ ಹಗೇವಿನ ಬಾಯಲ್ಲೇ ದೀಪ ಹಚ್ಚಿ ಅಲ್ಲೇ ಅರಗು ಹಾಕಿದೆ. ಒಂದು ಪೊಟ್ಟಣವೂ ನನ್ನ ಕಣ್ಣು ತಪ್ಪಲಿಲ್ಲ. ಪುಣೆಯಲ್ಲಿ ಮೂರು ವಾರ ತಟ್ಟೆಗಳ ಮೇಲೆ ಬಗ್ಗಿ ಕುತ್ತಿಗೆ ಹಿಡಿಯಿತು. ಬೂದು ಗುಲಾಬಿ ಬಣ್ಣದ ಒಂದು ಚುಕ್ಕೆಯೂ ಏಳಲಿಲ್ಲ.

ಮೂರನೆಯ ಸಲ ರಜೆ ಹಾಕಿ ಹೋದೆ. ಕೀಲಿಕೈ ಕಳೆದವರು ನೋಡಿದ ಮೂಲೆಯನ್ನೇ ಮತ್ತೆ ನೋಡುತ್ತಾರಲ್ಲ, ಹಾಗೆ. ಗೌಡಶ್ಯಾನಿ ಮನೆಯಲ್ಲಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಮಜ್ಜಿಗೆ ಕೊಟ್ಟರು.

"ಹ್ವಾದ ಸಲ ಬಂದಿದ್ರಂತ, ನಾ ಇರಲಿಲ್ಲ ನೋಡ್ರಿ. ಮೊದಲ ಒಯ್ದ ಮಣ್ಣ ಹ್ಯಾಂಗಿತ್ರಿ ಬಾಯಾರ? ನಿಮ್ಮ ಸಾಹೇಬ್ರು ಚಲೋ ಐತಿ ಅಂದ್ರಿಲ್ಲೊ?"

"ಭಾಳ ಚಲೋ ಇತ್ರಿ ಅವ್ವಾರ. ಅಂಥಾದ್ದ ಮತ್ತ ಬೇಕಾಗೇತಿ, ಸಿಗವಲ್ದು. ಹಗೇದಾಗ ಎಲ್ಲಾ ಕಡೆ ಕೆರದ ನೋಡೇನ್ರಿ."

ಅವರ ಮುಖ ಅರಳಿತು. "ಹಗೇದಾಗ ಎಲ್ಲಿ ಸಿಗಬೇಕ್ರಿ ಅದು. ಅದು ನಮ್ಮ ತವರಮನಿ ಮಣ್ಣ."

ನನಗೆ ತಿಳಿಯಲಿಲ್ಲ. ಅವರು ಮುಸಿಮುಸಿ ನಗುತ್ತ, ದೊಡ್ಡ ಉಪಕಾರವನ್ನು ಸಣ್ಣದು ಮಾಡಿ ಹೇಳುವವರ ದನಿಯಲ್ಲಿ ಹೇಳಿದರು. "ನೀವು ಮಕ್ಕೊಂಡ ಮ್ಯಾಲ ನೋಡಿದ್ನಿರಿ, ಕಾಗದದ ಮ್ಯಾಲ ನುಸಿ ಹರದಾಡಾಕತ್ತಿದ್ವು. ನಾತಾ ಬ್ಯಾರೆ. ಪುಣೆದಿಂದ ಬಂದಾಕಿ, ಇಂಥಾ ಹೊಲಸ ಮಣ್ಣ ನಮ್ಮ ಮನಿಂದ ಒಯ್ದರ ಅಲ್ಲಿ ಹಿರ್ಯಾರು ಏನಂದಾರು? ಅದನ್ನ ತಿಪ್ಪಿಗೆ ಚೆಲ್ಲಿ, ಗ್ವಾಡಿ ಸಾರಸಾಕ ಇಟ್ಟಿದ್ದ ಮಣ್ಣ ಜರಡಿ ಹಿಡದ ತುಂಬಿದ್ನಿರಿ. ವರ್ಷಾ ನಮ್ಮಣ್ಣ ಗಜೇಂದ್ರಗಡದ ಗುಡ್ಡದಿಂದ ಒಂದ ಚೀಲ ತಂದ ಕೊಡತಾನ. ಅಂಥಾ ಮಣ್ಣ ಈ ಕಡೆ ಎಲ್ಲೂ ಇಲ್ರಿ."

ಒಂದು ಲೋಟ ಮಜ್ಜಿಗೆ ಮುಗಿಯುವ ತನಕ ನನಗೆ ಅವರ ಮೇಲೆ ಕೆಂಡದಂಥ ಸಿಟ್ಟಿತ್ತು. ಎರಡು ತಿಂಗಳ ದುಡಿಮೆ, ಮೂವತ್ತು ಪೊಟ್ಟಣ, ಮೂರು ವಾರ. ಲೋಟ ಕೆಳಗಿಡುವಾಗ ಸಿಟ್ಟು ತಿರುಗಿ ನನ್ನ ಕಡೆಗೇ ಬಂತು. ಅವರು ನನ್ನ ಮಾನ ಕಾಯಲು ಮಣ್ಣು ಬದಲಿಸಿದ್ದರು. ಬದಲಿಸಲು ಆಗುವ ಹಾಗೆ ಅದನ್ನು ಬಿಚ್ಚಿಟ್ಟವಳು ನಾನು, ಮುಚ್ಚಿದ್ದೇನೆ ಎಂದು ಬರೆದವಳೂ ನಾನು.

ನನ್ನ ಮುಖ ಕಂಡು ಅವರು ಗಾಬರಿಯಾದರು. "ತಪ್ಪ ಮಾಡಿದ್ನೇನ್ರಿ?"

"ತಪ್ಪ ನಂದ್ರಿ," ಎಂದೆ. "ಆ ಮಣ್ಣ ಇನ್ನೂ ಐತೇನ್ರಿ?"

"ಎಲ್ಲಾ ಗ್ವಾಡಿಗೆ ಹ್ವಾತ್ರಿ. ಆದ್ರ ಮಣ್ಣ ತಗಿಯೂ ತಗ್ಗ ಐತಲ್ಲ. ನಡ್ರಿ, ನಾನ ತೋರಸ್ತೀನಿ. ತವರಿಗೆ ಹೋಗಾಕ ನನಗೂ ಒಂದ ನೆವ ಬೇಕಿತ್ತು."

ಮರುದಿನ ಬಸ್ಸಿನಲ್ಲಿ ಇಬ್ಬರೂ ಗಜೇಂದ್ರಗಡಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವರು ತವರಿನ ಮಾತು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತ ಬೇರೆಯೇ ಲೆಕ್ಕ ಹಾಕುತ್ತಿದ್ದೆ. ಗುಡ್ಡದಲ್ಲಿ ಜೀವಿ ಸಿಕ್ಕಿದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಹಗೇವಿನಲ್ಲೇ ಮತ್ತೆ ಸಿಕ್ಕಿತು ಎಂದರೆ ಮುಖ್ಯಸ್ಥರ ಪ್ರಬಂಧವೂ ಉಳಿಯುತ್ತದೆ, ನನ್ನ ಮುಖವೂ ಉಳಿಯುತ್ತದೆ. ಗೌಡಶ್ಯಾನಿ ಪುಣೆಗೆ ಬಂದು ಸಾಕ್ಷಿ ಹೇಳುವವರಲ್ಲ. ಸಿಗದಿದ್ದರೆ ಹಗೇವಿನ ಕಥೆಯಾದರೂ ಉಳಿಯಲಿ, ಅದು ಅಷ್ಟು ಚೆಂದವಿತ್ತು. ಎರಡೂ ದಾರಿಯಲ್ಲಿ ಸುಮ್ಮನಿರುವುದೇ ಲಾಭ. ಇದನ್ನು ಯೋಚಿಸಿದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಗಜೇಂದ್ರಗಡದಲ್ಲಿ ಇಳಿದ ಮೇಲೆ ಅಂಚೆ ಕಚೇರಿ ಕಂಡಿತು. ಅವ್ವಾರ, ಒಂದು ಗಳಿಗೆ ಎಂದು ಒಳಗೆ ಹೋದೆ. ಗುಡ್ಡ ಹತ್ತಿ ಬಂದ ಮೇಲೆ, ತಟ್ಟೆಗಳನ್ನು ನೋಡಿದ ಮೇಲೆ ಬರೆಯುತ್ತೇನೆ ಎಂದರೆ ಬರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಪೊಟ್ಟಣ ಬಿಚ್ಚಿಟ್ಟದ್ದು, ಸುಳ್ಳು ಬರೆದದ್ದು, ಮಣ್ಣು ಬೇರೆ ಊರಿನದು, ಹಗೇವಿಗೂ ಈ ಜೀವಿಗೂ ಸಂಬಂಧವಿಲ್ಲ, ಪ್ರಬಂಧವನ್ನು ದಯವಿಟ್ಟು ತಡೆಯಿರಿ. ಒಂದೇ ಹಾಳೆಯಲ್ಲಿ ಎಲ್ಲವೂ ಹಿಡಿಯಿತು. ಮುಖ್ಯಸ್ಥರ ಹೆಸರು ಬರೆದು ಡಬ್ಬಿಗೆ ಹಾಕಿದೆ. ಹಿಂದಕ್ಕೆ ತೆಗೆಯಲು ಬರುವ ಹಾಗಿದ್ದರೆ ತೆಗೆದುಬಿಡುತ್ತಿದ್ದೆ.

ಗುಡ್ಡದ ಬುಡದಲ್ಲಿ ಕೆಂಪು ಮಣ್ಣು ಎಲ್ಲೆಲ್ಲೂ ಇತ್ತು. ನಾನು ಒಬ್ಬಳೇ ಬಂದಿದ್ದರೆ ದಾರಿಯ ಬದಿಯ ತಗ್ಗಿನಲ್ಲಿ ಚಮಚ ಹಾಕಿ ಹೋಗುತ್ತಿದ್ದೆ. ಗೌಡಶ್ಯಾನಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಂಡೆಯ ಹಿಂದೆ ಉತ್ತರಕ್ಕೆ ಬಾಯಿ ಇರುವ ಒಂದು ಪೊಟರೆಗೆ ಕರೆದುಕೊಂಡು ಹೋದರು. ತಲೆತಲಾಂತರದಿಂದ ಅವರ ಓಣಿಯ ಹೆಂಗಸರು ಮಣ್ಣು ತೆಗೆಯುವ ಜಾಗ.

"ಬಿಸಲ ಬಿದ್ದ ಮಣ್ಣ ಗ್ವಾಡಿಗೆ ಹಿಡಿಯಂಗಿಲ್ರಿ, ಉದರತೈತಿ. ಒಳಗ ಕೈ ಹಾಕಿ ಮೊಣಕೈತನಕ ಹೋಗಬೇಕು. ತಂಪ ಹತ್ತತೈತಲ್ಲ, ಅಲ್ಲಿಂದ ತಗೀಬೇಕ್ರಿ."

ಅವರು ಹೇಳಿದ ಆಳದಲ್ಲಿ, ಹೇಳಿದ ತಂಪಿನಲ್ಲಿ ಇಪ್ಪತ್ತು ಪೊಟ್ಟಣ ತೆಗೆದೆ. ದೀಪ, ಚಮಚ, ಅರಗು. ಒಂದೊಂದಕ್ಕೂ ಅಲ್ಲೇ ಬಾಯಿ ಮುಚ್ಚಿದೆ. ಅವರು ಬಂಡೆಯ ಮೇಲೆ ಕೂತು ನೋಡುತ್ತಿದ್ದರು.

"ಯಾಕ್ರಿ ಇಲ್ಲೇ ಮುಚ್ಚೂದು? ಮನ್ಯಾಗ ಕುಂತ ಆರಾಮ ಮುಚ್ಚಬಹುದಲ್ಲ?"

"ದಾರ್ಯಾಗ ಯಾರರ ಬದ್ಲಿ ಮಾಡಬಾರದಂತ್ರಿ," ಎಂದೆ. ಇಬ್ಬರಿಗೂ ನಗು ಬಂತು.

ಪುಣೆಗೆ ಹೋದಾಗ ಪತ್ರ ನನಗಿಂತ ಮೊದಲೇ ಮುಟ್ಟಿತ್ತು. ಎರಡು ದಿನ ಮುಖ್ಯಸ್ಥರು ನನ್ನ ಮೇಜಿನ ಕಡೆ ಬರಲಿಲ್ಲ. ಮೂರನೆಯ ದಿನ ಟಿಪ್ಪಣಿ ಪುಸ್ತಕ ತರಿಸಿಕೊಂಡು, ಹದಿನಾಲ್ಕನೆಯ ಸಾಲನ್ನು ತೋರಿಸಿ, ಅಳಿಸಬೇಡಿ, ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ನಿಜ ಬರೆಯಿರಿ, ಕೆಳಗೆ ಸಹಿ ಹಾಕಿ ಎಂದರು. ಪ್ರಬಂಧವನ್ನು ವಾಪಸ್ ಪಡೆದದ್ದನ್ನು ಬೇರೆಯವರಿಂದ ಕೇಳಿದೆ. ಸಭೆಯ ದಿನ ಕಳೆದುಹೋಯಿತು, ಕೆಲಸ ನಿಲ್ಲಿಸಿ ಎಂದು ಮಾತ್ರ ಅವರು ಹೇಳಲಿಲ್ಲ. ನಾನು ಗುಡ್ಡದ ಇಪ್ಪತ್ತು ಪೊಟ್ಟಣಗಳನ್ನು ಬಿಚ್ಚಿದೆ.

ಅವುಗಳಲ್ಲಿ ಹನ್ನೊಂದನೆಯ ಪೊಟ್ಟಣದ ತಟ್ಟೆಯಲ್ಲಿ ಎಂಟನೆಯ ದಿನ ಬೂದು ಗುಲಾಬಿ ಚುಕ್ಕೆ ಎದ್ದಿತು. ಅಡ್ಡಗೆರೆ ಎಳೆದು ಕಾದೆ. ಶಿಲೀಂಧ್ರ ಎರಡು ಬೆರಳು ದೂರದಲ್ಲಿ ನಿಂತಿತು. ಸೂಕ್ಷ್ಮದರ್ಶಕದಲ್ಲಿ ಬೀಜಕಣಗಳ ಸರ ಮೊದಲಿನ ಹಾಗೆಯೇ ಸುರುಳಿ ಸುತ್ತಿತ್ತು, ಪುಡಿ ಅದೇ ಹಳದಿ. ಹಳೆಯ ಉಗುರಿನಷ್ಟು ಪುಡಿಯ ಜೊತೆ ಹೋಲಿಸಿ ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಕುರ್ಚಿಯಲ್ಲಿ ಕೂತು ಅತ್ತೆ. ಅತ್ತು ಮುಗಿದ ಕೂಡಲೇ ಗುಡ್ಡದ ಉಳಿದ ಮಣ್ಣನ್ನು ಜರಡಿ ಹಿಡಿದು, ಮೂರು ದಿನ ಉಗಿಯಲ್ಲಿ ಬೇಯಿಸಿ, ಒಣಗಿಸಿ, ಕೊಳವೆಗಳಿಗೆ ತುಂಬಿ, ಅದರಲ್ಲಿ ಬೀಜಕಣ ಬೆರೆಸಿ ಮುಚ್ಚಿಟ್ಟೆ. ಅದು ತನ್ನ ಮಣ್ಣಿನಲ್ಲೇ ಮಲಗಲಿ ಎಂದು.

ಮುಂದಿನದು ನಾವು ಆಸೆಪಟ್ಟಷ್ಟು ದೊಡ್ಡದಾಗಲಿಲ್ಲ. ಗಡ್ಡೆ ತಡೆಯುವಷ್ಟು ಮದ್ದು ಕೊಟ್ಟರೆ ಇಲಿಗಳ ರಕ್ತಕಣಗಳೇ ಒಡೆಯುತ್ತಿದ್ದವು. ಗಡ್ಡೆಯನ್ನು ತಡೆಯುವ ಪ್ರಮಾಣ, ಇಲಿಯನ್ನು ಕೊಲ್ಲುವ ಪ್ರಮಾಣ ಎಂದು ಬೇರೆಮಾಡಲು ಆಗಲಿಲ್ಲ. ಮುಂಬಯಿಯವರು ನಿಲ್ಲಿಸಿದರು. ಆ ಪತ್ರ ಓದಿದ ದಿನ ಮುಖ್ಯಸ್ಥರು ಸಂಜೆಯವರೆಗೂ ಕಿಟಕಿಯ ಬಳಿ ನಿಂತಿದ್ದರು. ಚರ್ಮದ ಮೇಲೆ ಹಚ್ಚುವ ಮುಲಾಮಾಗಿ ಮಾತ್ರ ಅದು ಉಳಿಯಿತು. ಒಂದು ದವಾಖಾನೆಯಲ್ಲಿ ಹುಳುಕಡ್ಡಿಯವರಿಗೆ, ಬೆರಳ ಸಂದಿ ಕೊಳೆತವರಿಗೆ ಹಚ್ಚಿ ನೋಡಿದರು, ಗುಣ ಕಂಡಿತು.

ಮರುವರ್ಷದ ಬೇಸಿಗೆಯಲ್ಲಿ ಆ ಮುಲಾಮಿನ ಒಂದು ಸಣ್ಣ ಡಬ್ಬಿ ಹಿಡಿದು ಬೆಳವಣಕಿಗೆ ಹೋದೆ. ಚಾಚಾ ಕಟ್ಟೆಯ ಮೇಲಿದ್ದರು. ಕಣಿಕೆ ಬಿಗಿ ಕಟ್ಟಿದ್ದೇ ಖರೆ ಎಂದು ಮೊದಲು ಅವರಿಗೆ ಹೇಳಿದೆ. "ನಾ ಹೇಳಿದ್ನಲ್ರಿ ಬಾಯಾರ" ಎಂದರು.

ಗೌಡಶ್ಯಾನಿ ಡಬ್ಬಿ ಮೂಸಿ ನೋಡಿದರು. ಅದರೊಳಗೆ ತಮ್ಮ ಗುಡ್ಡದ ಮಣ್ಣಿನದೇನಿದೆ ಎಂದು ನಾನು ವಿವರಿಸಿದ್ದು ಎಷ್ಟು ಮುಟ್ಟಿತೋ ತಿಳಿಯದು. ಜೀವಿಯನ್ನು ಮುಚ್ಚಿಟ್ಟ ಕೊಳವೆಯ ಮೇಲೆ ಜಾಗದ ಜೊತೆ ನಿಮ್ಮ ಹೆಸರನ್ನೂ ಬರೆಯಲೇ ಎಂದು ಕೇಳಿದೆ.

"ನನ್ನ ಹೆಸರ ಯಾಕ್ರಿ. ಅದರ ಊರ ಹೆಸರ ಖರೇ ಬರದೀರಲ್ಲ, ಸಾಕ."

ಹೊರಡುವಾಗ ಅವರು ಒಳಗಿನಿಂದ ಒಂದು ಗಂಟು ತಂದು ನನ್ನ ಕೈಯಲ್ಲಿಟ್ಟರು. ಹಳೆಯ ಬಟ್ಟೆ, ಬಾಯಿಗೆ ಮೂರು ಸುತ್ತು ದಾರ, ದಾರದ ಗಂಟಿನ ಮೇಲೆ ಅರಗಿನ ಬದಲು ಮನೆಯ ಜೇನುಮೇಣ ಮೆತ್ತಿತ್ತು. ಒಳಗಿನಿಂದ ಕೊಳೆತ ಕಣಿಕೆಯ ನಾತ ಬರುತ್ತಿತ್ತು.

"ಆವತ್ತ ನಾ ಚೆಲ್ಲಿದ್ದು ನಿಮ್ಮದ ಮಣ್ಣ," ಎಂದರು. "ಈ ಸಲ ಹಗೇ ತಗದಾಗ ಚಾಚಾನ ಕಡೆ ಮತ್ತ ಕೆರಸಿ ಇಟ್ಟೀನಿ. ನುಸಿನೂ ತಗದಿಲ್ರಿ. ಹಗೇದ ಬಾಯಾಗ ನಿಂತ ಅಲ್ಲೇ ಕಟ್ಟೀನಿ, ಮನಿ ಹೊಸ್ತಿಲಾ ದಾಟಸಿಲ್ಲ ಕಟ್ಟೂತನಕ."

ಗದಗಿನ ಬಸ್ಸಿನಲ್ಲಿ ಟಿಪ್ಪಣಿ ಪುಸ್ತಕ ತೆರೆದು ಹೊಸ ಸಾಲು ಬರೆದೆ. ಊರು, ಜಾಗ, ಬಣ್ಣ, ತೇವ. ಕೊನೆಯ ಮನೆಗೆ ಬಂದಾಗ ಪೆನ್ನು ತಡೆಯಿತು. ನಾನು ಅಲ್ಲಿರಲಿಲ್ಲ, ಕಣ್ಣಾರೆ ಕಂಡಿರಲಿಲ್ಲ. ಆದರೂ ಬರೆದೆ: ಸ್ಥಳದಲ್ಲೇ ಮುಚ್ಚಿದೆ. ಮುಚ್ಚಿದವರು, ಗೌಡಶ್ಯಾನಿ.